ಜೇಬಿನ ಚಾಕು ಕೊಳ್ಳುವ ಮುನ್ನ: ಪದೇ ಪದೇ ಕೇಳುವ ಪ್ರಶ್ನೆಗಳು

ಅಲಗಿನ ಜೊತೆ ಕತ್ತರಿ, ಸ್ಕ್ರೂಡ್ರೈವರ್ ಎಲ್ಲ ಒಳಗೇ ಮಡಿಸಿಟ್ಟ ಇಂಥದೊಂದು ಚಾಕು ನನಗೆ ನಿಜಕ್ಕೂ ಬೇಕೇ?

ಬೇಡದೆಯೂ ಇರಬಹುದು. ಒಂದು ವಾರ ಮೊಬೈಲಿನಲ್ಲಿ ಟಿಪ್ಪಣಿ ಬರೆದಿಡಿ. ಹಲ್ಲಿನಿಂದ ಪೊಟ್ಟಣ ಹರಿದದ್ದು ಎಷ್ಟು ಸಲ? ಬೀಗದ ಕೈಯಿಂದ ಪಾರ್ಸೆಲ್ಲಿನ ಟೇಪು ಕೆರೆದದ್ದು ಎಷ್ಟು ಸಲ? ಅಡುಗೆಮನೆಯ ಚಾಕುವಿನ ತುದಿಯಿಂದ ಪ್ಲಗ್ಗಿನ ಸ್ಕ್ರೂ ತಿರುಗಿಸಿದ್ದು, ಬೆರಳಿಗೆ ಹೊಕ್ಕ ಸಿಬಿರು ತೆಗೆಯಲು ಪಿನ್ನು ಹುಡುಕಿದ್ದು, ಹೊಸ ಅಂಗಿಯ ಬೆಲೆಚೀಟಿಯ ದಾರ ಎಳೆದು ಬೆರಳು ಕೊಯ್ದುಕೊಂಡದ್ದು ಎಲ್ಲವನ್ನೂ ಬರೆಯಿರಿ. ಪಟ್ಟಿ ನಾಲ್ಕೈದು ಸಾಲು ದಾಟಿದರೆ ಮುಂದೆ ಓದಿ. ದಾಟದಿದ್ದರೆ ದುಡ್ಡು ಉಳಿಯಿತು.

ಈ ಪಟ್ಟಿಯನ್ನು ಅಳಿಸಿ ಹಾಕಬೇಡಿ. ಯಾವ ಮಾದರಿ ಕೊಳ್ಳಬೇಕೆಂಬುದನ್ನು ಅದೇ ಹೇಳುತ್ತದೆ. ಅಂಗಡಿಯ ಗಾಜಿನ ಪೆಟ್ಟಿಗೆ ನೋಡಿ ಆರಿಸಿದವರು ಗರಗಸ, ಅರ, ಭೂತಗನ್ನಡಿ ಎಲ್ಲವೂ ಇರುವ ದಪ್ಪ ಚಾಕು ತಂದು, ತಿಂಗಳೊಳಗೆ ಅದನ್ನು ಮೇಜಿನ ಖಾನೆಗೆ ಹಾಕುತ್ತಾರೆ. ನಾನೂ ಹಾಗೆಯೇ ಮಾಡಿದವನು.

ಯಾವ ಗಾತ್ರ ಸರಿ?

ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್ ಕಂಪನಿಯ ಅಳತೆಗಳನ್ನೇ ಮಾನದಂಡವಾಗಿ ಇಟ್ಟುಕೊಳ್ಳೋಣ, ಏಕೆಂದರೆ ಉಳಿದವರು ಬಹುಪಾಲು ಅವುಗಳ ಸುತ್ತಲೇ ಸುತ್ತುತ್ತಾರೆ. ಮಡಿಸಿದಾಗ 58 ಮಿಲಿಮೀಟರ್ ಉದ್ದದ್ದು ಕೀಲಿಗೊಂಚಲಿಗೆ. 84 ಮತ್ತು 91 ಮಿಲಿಮೀಟರಿನವು ಪ್ಯಾಂಟಿನ ಜೇಬಿಗೆ. 111 ಮಿಲಿಮೀಟರಿನದು ಚೀಲಕ್ಕೆ ಅಥವಾ ತೋಟಕ್ಕೆ.

ಉದ್ದಕ್ಕಿಂತ ದಪ್ಪವೇ ಮುಖ್ಯ ಎಂಬುದು ಕೊಂಡ ಮೇಲೆ ಗೊತ್ತಾಗುತ್ತದೆ. ಒಂದೊಂದು ಪದರಕ್ಕೂ ಉಪಕರಣಗಳು ಸೇರುತ್ತವೆ, ಜೇಬೂ ಉಬ್ಬುತ್ತದೆ. ಎರಡು ಪದರದ 91 ಮಿಲಿಮೀಟರಿನ ಚಾಕು ಸುಮಾರು 60 ಗ್ರಾಂ ತೂಗುತ್ತದೆ, ಕುಳಿತಾಗ ತೊಡೆಗೆ ಒತ್ತುವುದಿಲ್ಲ. ಅದೇ ಉದ್ದದ ಸ್ವಿಸ್‌ಚಾಂಪ್ ಎಂಬ ಮಾದರಿಯಲ್ಲಿ 33 ಕೆಲಸಗಳಿವೆ, ತೂಕ 185 ಗ್ರಾಂ. ಅದನ್ನು ಜೇಬಿನಲ್ಲಿಟ್ಟು ಬಸ್ಸಿನಲ್ಲಿ ಕುಳಿತರೆ ಶಿವಮೊಗ್ಗದಿಂದ ಬೆಂಗಳೂರು ತಲುಪುವವರೆಗೂ ಅದೊಂದೇ ನೆನಪು. 58 ಮಿಲಿಮೀಟರಿನ ಕ್ಲಾಸಿಕ್ ಎಸ್‌ಡಿ 21 ಗ್ರಾಮಿನ ಆಸುಪಾಸು. ಹತ್ತು ರೂಪಾಯಿಯ ಮೂರು ನಾಣ್ಯ ಜೇಬಿನಲ್ಲಿದ್ದಷ್ಟೇ ಭಾರ.

ಯಾವ ಉಪಕರಣಗಳು ದಿನವೂ ಬಳಕೆಗೆ ಬರುತ್ತವೆ?

ಕತ್ತರಿ. ಮೊದಲ ಸ್ಥಾನ ಅಲಗಿಗೆ ಎಂದು ಎಲ್ಲರೂ ಭಾವಿಸುತ್ತಾರೆ. ನನ್ನ ಟಿಪ್ಪಣಿಯಲ್ಲಿ ಅಲಗಿನ ಎರಡರಷ್ಟು ಸಲ ಕತ್ತರಿಯೇ ಇತ್ತು.

ಹಾಲಿನ ಪ್ಯಾಕೆಟ್ಟನ್ನೇ ನೋಡಿ. ನಂದಿನಿ ಪ್ಯಾಕೆಟ್ಟಿನ ಮೂಲೆಯನ್ನು ಚಾಕುವಿನಿಂದ ಕೊಯ್ಯಲು ಹೋದರೆ ಪ್ಲಾಸ್ಟಿಕ್ ಜಾರುತ್ತದೆ, ಹಾಲು ಮುಂಗೈಗೆ ಚಿಮ್ಮುತ್ತದೆ. ಕತ್ತರಿಯಿಂದ ಮೂಲೆಯನ್ನು ಮುಕ್ಕಾಲು ಭಾಗ ಕತ್ತರಿಸಿ ನಿಲ್ಲಿಸಬಹುದು. ಆ ಚೂರು ಪ್ಯಾಕೆಟ್ಟಿಗೇ ಅಂಟಿಕೊಂಡಿರುತ್ತದೆ, ಚರಂಡಿ ಸೇರುವುದಿಲ್ಲ. ಹೂವಿನ ಮಾಲೆಯ ದಾರ, ಗಾಯಕ್ಕೆ ಸುತ್ತುವ ಬಟ್ಟೆ, ಮಾತ್ರೆಯ ಪಟ್ಟಿ, ಮುರಿದ ಉಗುರು ಎಲ್ಲವೂ ಕತ್ತರಿಯ ಪಾಲು. ಕಚೇರಿಯಲ್ಲಿ ಇನ್ನೊಂದು ಅನುಕೂಲವಿದೆ: ಜೇಬಿನಿಂದ ಕತ್ತರಿ ತೆಗೆದರೆ ಯಾರೂ ಹುಬ್ಬೇರಿಸುವುದಿಲ್ಲ.

ಎರಡನೆಯದು ಅಲಗು. ಒಂದು ಸಾಕು. ಸೇಬು, ಸೀಬೆಹಣ್ಣು, ರಟ್ಟಿನ ಪೆಟ್ಟಿಗೆಯ ಟೇಪು, ಬಾಳೆ ಎಲೆಯ ದಂಟು, ಇಷ್ಟಕ್ಕೆ ಆರು ಸೆಂಟಿಮೀಟರ್ ಧಾರಾಳವಾಗಿ ಸಾಕು. ಎರಡು ಅಲಗಿನ ಚಾಕು ಕೊಂಡರೆ ಒಂದನ್ನು ಹಣ್ಣಿಗೆಂದೇ ಮೀಸಲಿಡಿ. ಅಂಟು ಟೇಪು ಕತ್ತರಿಸಿದ ಅಲಗಿನಲ್ಲಿ ಮಾವಿನಕಾಯಿ ಹೆಚ್ಚಿದರೆ ಆ ರುಚಿಯೇ ಬೇರೆ.

ಮೂರನೆಯದು ಸ್ಕ್ರೂಡ್ರೈವರ್. ನಮ್ಮ ಮನೆಗಳ ಪ್ಲಗ್ಗುಗಳಿಗೆ ಚಪ್ಪಟೆ ತುದಿ ಬೇಕು. ಆಟಿಕೆ, ರಿಮೋಟ್, ಕುಕ್ಕರಿನ ಹಿಡಿಗೆ ನಕ್ಷತ್ರ ತುದಿ. ವಿಕ್ಟೋರಿನಾಕ್ಸಿನ ಡಬ್ಬಿ ತೆರೆಯುವ ಉಪಕರಣದ ಮೂತಿಯಲ್ಲಿರುವ ಸಣ್ಣ ಚಪ್ಪಟೆ ತುದಿ ಅನೇಕ ನಕ್ಷತ್ರ ಸ್ಕ್ರೂಗಳಿಗೂ ಕಚ್ಚಿಕೊಳ್ಳುತ್ತದೆ. ಆದ್ದರಿಂದ ನಕ್ಷತ್ರ ತುದಿ ಪ್ರತ್ಯೇಕವಾಗಿ ಇಲ್ಲವೆಂದು ಒಳ್ಳೆಯ ಮಾದರಿಯನ್ನು ಬಿಡಬೇಡಿ.

ಆಮೇಲೆ ಚಿಮುಟ. ವರ್ಷಕ್ಕೆ ನಾಲ್ಕು ಸಲ ಬೇಕಾಗುತ್ತದೆ, ಆ ನಾಲ್ಕು ಸಲವೂ ಬೇರೇನೂ ಕೆಲಸಕ್ಕೆ ಬರುವುದಿಲ್ಲ. ಮುಟ್ಟಿದರೆ ಮುನಿಯ ಮುಳ್ಳು ಹೊಕ್ಕ ಅಂಗಾಲನ್ನು ಕೇಳಿ ನೋಡಿ.

ಗರಗಸ ತೋಟದವರಿಗೆ ಚೆನ್ನ, ಹಸಿ ಕೊಂಬೆಯನ್ನು ಚಕಚಕನೆ ಕೊಯ್ಯುತ್ತದೆ. ನಗರವಾಸಿಗೆ ಅದು ಬರೀ ಭಾರ. ಮೀನಿನ ಹುರುಪೆ ತೆಗೆಯುವ ಸಾಧನ, ಭೂತಗನ್ನಡಿ, ಗಡಿಯಾರ ಇವೆಲ್ಲ ಸಂಗ್ರಹಕಾರರಿಗೆ.

ಬಾಟಲಿಯ ಬಿರಡೆ ಕೀಳುವ ಸುರುಳಿ, ಅಂದರೆ ಕಾರ್ಕ್‌ಸ್ಕ್ರೂ, ನಮಗೇಕೆ? ನಮ್ಮ ಮನೆಯಲ್ಲಿ ವೈನ್ ಬಾಟಲಿ ಬರುವುದೇ ಇಲ್ಲ.

ಬಾಟಲಿ ಬಾರದಿದ್ದರೂ ಗಂಟುಗಳಂತೂ ಬರುತ್ತವೆ. ಅಕ್ಕಿ ಮೂಟೆಯ ಹಗ್ಗ, ಒದ್ದೆಯಾದ ಶೂ ದಾರ, ಯಾರೋ ಕೋಪದಲ್ಲಿ ಬಿಗಿದ ಪ್ಲಾಸ್ಟಿಕ್ ಚೀಲದ ಗಂಟು, ಇವನ್ನು ಸಡಿಲಿಸಲು ಆ ಸುರುಳಿಯ ಮೊನೆಯಷ್ಟು ಒಳ್ಳೆಯ ಸಾಧನವಿಲ್ಲ. ಸುರುಳಿಯೊಳಗೆ ಸಿಕ್ಕಿಸಿಡುವ ಪುಟಾಣಿ ಸ್ಕ್ರೂಡ್ರೈವರ್ ಒಂದು ಬರುತ್ತದೆ. ಕೆಲವು ಮಾದರಿಗಳಲ್ಲಿ ಜೊತೆಗೇ ಇರುತ್ತದೆ, ಇಲ್ಲದಿದ್ದರೆ ಬಿಡಿಯಾಗಿ ಕೊಳ್ಳಬಹುದು. ಕನ್ನಡಕದ ಕಾಲಿನ ಸ್ಕ್ರೂ ಬಿಗಿಮಾಡಲು ಸರಿಯಾದ ಅಳತೆ. ನಾಲ್ವತ್ತು ದಾಟಿದವರಿಗೆ ಇದೊಂದೇ ಸಾಕು, ಕಾರ್ಕ್‌ಸ್ಕ್ರೂವಿನ ಮೇಲಿನ ಸಿಟ್ಟು ಇಳಿಯುತ್ತದೆ.

ಇಕ್ಕಳ ಇರುವ ಲೆದರ್‌ಮನ್ ರೀತಿಯದು ಇದಕ್ಕಿಂತ ಉತ್ತಮವಲ್ಲವೇ?

ಬೇರೆ ಪ್ರಾಣಿ ಅದು. ಅಮೆರಿಕದ ಟಿಮ್ ಲೆದರ್‌ಮನ್ 1975ರಲ್ಲಿ ಹಳೆಯ ಫಿಯಟ್ ಕಾರಿನಲ್ಲಿ ಯುರೋಪ್ ಸುತ್ತುವಾಗ, ಜೇಬಿನ ಚಾಕುವಿಗೆ ಒಂದು ಇಕ್ಕಳವಿದ್ದಿದ್ದರೆ ಎಂದುಕೊಂಡರು. ಅದು ಅಂಗಡಿಗೆ ಬರುವ ಹೊತ್ತಿಗೆ 1983 ಆಗಿತ್ತು. ಕಾರು ಕೆಟ್ಟು ನಿಂತವನ ಯೋಚನೆಯಿಂದ ಹುಟ್ಟಿದ್ದರಿಂದ ಇವತ್ತಿಗೂ ಅದು ಕೆಟ್ಟುನಿಂತ ಯಂತ್ರಗಳ ಹತ್ತಿರವೇ ಚೆನ್ನಾಗಿ ಒಗ್ಗುತ್ತದೆ. ಪಂಪ್‌ಸೆಟ್, ಬೈಕು, ಕೇಬಲ್, ತಂತಿಬೇಲಿ ನಿಮ್ಮ ದಿನದ ಭಾಗವಾಗಿದ್ದರೆ ಮರುಮಾತಿಲ್ಲದೆ ಅದನ್ನೇ ಕೊಳ್ಳಿ, ಸೊಂಟದ ಪಟ್ಟಿಗೆ ಕಟ್ಟಿಕೊಳ್ಳಿ.

ದೊಡ್ಡದು ಬೇಡ ಎನ್ನುವವರಿಗೆ ಅದೇ ಕಂಪನಿಯ ಮೈಕ್ರಾ ಇದೆ. ಇಕ್ಕಳದ ಜಾಗದಲ್ಲಿ ಕತ್ತರಿ, ಮಡಿಸಿದಾಗ ಆರೂವರೆ ಸೆಂಟಿಮೀಟರ್, ಸುಮಾರು 50 ಗ್ರಾಂ. ಇಷ್ಟು ಚಿಕ್ಕ ಸಾಧನದಲ್ಲಿ ಇಷ್ಟು ಗಟ್ಟಿ ಕತ್ತರಿಯನ್ನು ನಾನು ಬೇರೆಲ್ಲೂ ಹಿಡಿದಿಲ್ಲ. ಆದರೆ ಅಲಗು ಬೇಕಾದಾಗ ಮೊದಲು ಇಡೀ ಸಾಧನವನ್ನು ಬಿಡಿಸಬೇಕು. ಎರಡು ಕೈಯೂ ಅದಕ್ಕೇ ಹೋಗುತ್ತದೆ.

ಸುತ್ತಿ ಬಳಸುವುದು ಬೇಡ, ಮಾದರಿಯ ಹೆಸರು ಹೇಳಿ.

ಕೀಲಿಗೊಂಚಲಿಗೆ: ಕ್ಲಾಸಿಕ್ ಎಸ್‌ಡಿ. ಅಲಗು, ಕತ್ತರಿ, ತುದಿಯಲ್ಲಿ ಸ್ಕ್ರೂಡ್ರೈವರ್ ಇರುವ ಉಗುರು ಅರ, ಚಿಮುಟ, ಹಲ್ಲುಕಡ್ಡಿ. ಇದಕ್ಕೆ ಬಾಟಲಿ ಓಪನರ್ ಮತ್ತು ನಕ್ಷತ್ರ ತುದಿ ಸೇರಿದರೆ ರ್‍ಯಾಂಬ್ಲರ್. ಯಾರಾದರೂ ಒಂದೇ ಮಾತಿನಲ್ಲಿ ಹೇಳು ಎಂದರೆ ನಾನು ರ್‍ಯಾಂಬ್ಲರ್ ಎನ್ನುತ್ತೇನೆ.

ಜೇಬಿಗೆ: ಕಾಂಪ್ಯಾಕ್ಟ್. 91 ಮಿಲಿಮೀಟರ್, ಎರಡೇ ಪದರ. ಒಂದು ಅಲಗು, ಒಳ್ಳೆಯ ಕತ್ತರಿ, ಬಾಟಲಿ ಮತ್ತು ಡಬ್ಬಿ ಎರಡನ್ನೂ ತೆರೆಯುವ ಒಂದೇ ಉಪಕರಣ, ಭಾರದ ಚೀಲ ನೇತುಹಾಕಿಕೊಳ್ಳುವ ಕೊಕ್ಕೆ, ಹಿಡಿಯೊಳಗೆ ಒಂದು ಪುಟ್ಟ ಪೆನ್ನು ಮತ್ತು ಗುಂಡುಪಿನ್. ಆ ಗುಂಡುಪಿನ್ನಿನಿಂದ ಮೊಬೈಲಿನ ಸಿಮ್ ತಟ್ಟೆ ಹೊರಬರುತ್ತದೆ.

ಕತ್ತರಿ ಬೇಡ, ತೆಳ್ಳಗಿರಲಿ ಎನ್ನುವವರಿಗೆ ಅಲ್ಯೂಮಿನಿಯಂ ಹಿಡಿಯ ಕ್ಯಾಡೆಟ್: 84 ಮಿಲಿಮೀಟರ್, 46 ಗ್ರಾಂ. ಎಂಟು ವರ್ಷದಿಂದ ನನ್ನ ಬಲಜೇಬಿನಲ್ಲಿರುವುದು ಅದೇ. ಮೇಲೆ ಕತ್ತರಿಯನ್ನು ಅಷ್ಟು ಹೊಗಳಿದವನು ಕತ್ತರಿಯಿಲ್ಲದ ಚಾಕು ಏಕೆ ಇಟ್ಟುಕೊಂಡಿದ್ದಾನೆ ಎಂದು ಕೇಳಬಹುದು. ಕೀಲಿಗೊಂಚಲಿನಲ್ಲಿ ಕ್ಲಾಸಿಕ್ ಕೂಡ ಇದೆ.

ಸ್ಪಾರ್ಟನ್ ಮತ್ತು ಟಿಂಕರ್ ಹೆಚ್ಚು ಹೆಸರಾದವು. ಕಾರ್ಕ್‌ಸ್ಕ್ರೂ ಬೇಕಾದರೆ ಮೊದಲನೆಯದು, ನಕ್ಷತ್ರ ತುದಿ ಬೇಕಾದರೆ ಎರಡನೆಯದು. ಎರಡರಲ್ಲೂ ಕತ್ತರಿ ಇಲ್ಲ.

ಕೆಂಪು ಪ್ಲಾಸ್ಟಿಕ್ ಹಿಡಿ ಒಳ್ಳೆಯದೋ, ಲೋಹದ ಹಿಡಿಯೋ?

ಕೆಂಪು ಹಿಡಿಯೊಳಗೆ ಚಿಮುಟ, ಹಲ್ಲುಕಡ್ಡಿಗೆ ಗೂಡುಗಳಿವೆ. ಬಿದ್ದರೆ ಸೀಳು ಬಿಡಬಹುದು, ಕೀಲಿಗಳ ಜೊತೆ ಉಜ್ಜಿ ಗೀರು ಬೀಳುತ್ತದೆ. ಅಲಾಕ್ಸ್ ಎಂದು ಕರೆಯುವ ಅಲ್ಯೂಮಿನಿಯಂ ಹಿಡಿ ತೆಳು, ಗಟ್ಟಿ, ಒದ್ದೆ ಕೈಯಲ್ಲೂ ಜಾರದಂತೆ ಅದರ ಮೇಲೆ ಸಣ್ಣ ಉಬ್ಬುಗಳಿವೆ. ಚಿಮುಟ ಮಾತ್ರ ಇರುವುದಿಲ್ಲ.

ಅಲಗಿಗೆ ಲಾಕ್ ಬೇಡವೇ? ಬೆರಳ ಮೇಲೆ ಮಡಿಸಿಕೊಂಡರೆ?

ಸಣ್ಣ ಸ್ವಿಸ್ ಚಾಕುಗಳಲ್ಲಿ ಅಲಗನ್ನು ಹಿಡಿದಿಡುವುದು ಬೆನ್ನಿನ ಸ್ಪ್ರಿಂಗ್ ಮಾತ್ರ. ಕೊಯ್ಯುವಾಗ ಒತ್ತಡ ಹರಿತದ ಕಡೆಗೆ ಬೀಳುವುದರಿಂದ ಅದು ಮಡಿಸಿಕೊಳ್ಳುವುದಿಲ್ಲ. ಚುಚ್ಚಲು ಹೋದಾಗ, ಅಲಗಿನ ಬೆನ್ನಿಗೆ ಒತ್ತಿದಾಗ ಮಡಿಸಿಕೊಳ್ಳುತ್ತದೆ. ಅಂಥ ಕೆಲಸಕ್ಕೆ ಅದನ್ನು ಬಳಸಲೇಬೇಡಿ. ಲಾಕ್ ಬೇಕೇ ಬೇಕು ಎನ್ನುವವರು 111 ಮಿಲಿಮೀಟರಿನವುಗಳ ಕಡೆ ಹೋಗಬೇಕು. ಆದರೆ ಕೆಲವು ದೇಶಗಳಲ್ಲಿ ಲಾಕ್ ಇರುವುದೇ ಫಜೀತಿಗೆ ಕಾರಣ. ಆ ಮಾತು ಮುಂದೆ ಬರುತ್ತದೆ.

ಜೇಬಿನಲ್ಲಿ ಚಾಕು ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧವಲ್ಲವೇ?

ಭಾರತದ ಶಸ್ತ್ರಾಸ್ತ್ರ ಕಾಯ್ದೆ 1959ರದು, ನಿಯಮಗಳು 2016ರವು. ಆ ನಿಯಮಗಳ ಪಟ್ಟಿಯಲ್ಲಿ ಕತ್ತಿ, ಕಠಾರಿ, ಭರ್ಜಿಗಳ ಜೊತೆ ಹೆಸರಿಸಿರುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಚಾಕುಗಳನ್ನು. ಗೃಹಕೃತ್ಯಕ್ಕೆ, ಕೃಷಿಗೆ, ವಿಜ್ಞಾನದ ಅಥವಾ ಕೈಗಾರಿಕೆಯ ಕೆಲಸಕ್ಕೆಂದು ಮಾಡಿದವನ್ನು ಹೊರಗಿಟ್ಟಿದೆ. ನಮ್ಮ ಜೇಬಿನ ಚಾಕುವಿನ ಅಲಗು ಮೂರು ಇಂಚೂ ಇರುವುದಿಲ್ಲ.

ಹಾಗೆಂದು ಎದೆಯುಬ್ಬಿಸಿಕೊಂಡು ಎಲ್ಲೆಡೆ ಒಯ್ಯುವಂತಿಲ್ಲ. ನಿಷೇಧಾಜ್ಞೆ ಜಾರಿಯಲ್ಲಿರುವಾಗ, ಚುನಾವಣೆಯ ದಿನಗಳಲ್ಲಿ, ಮೆರವಣಿಗೆ ನಡೆಯುವಲ್ಲಿ ಮನೆಯಲ್ಲೇ ಬಿಟ್ಟು ಹೋಗಿ. ನ್ಯಾಯಾಲಯ, ವಿಧಾನಸೌಧ, ಪರೀಕ್ಷಾ ಕೇಂದ್ರ, ಕ್ರೀಡಾಂಗಣ ಇಂಥ ಕಡೆ ಬಾಗಿಲಲ್ಲೇ ತಡೆಯುತ್ತಾರೆ. ಪೊಲೀಸರು ಕೇಳಿದರೆ ಇದು ಆತ್ಮರಕ್ಷಣೆಗೆ ಎಂದು ಮಾತ್ರ ಹೇಳಬೇಡಿ. ಅದು ಸುಳ್ಳು, ಜೊತೆಗೆ ಪೆದ್ದುತನ. ಹಣ್ಣು ಹೆಚ್ಚುವ ವಸ್ತುವನ್ನು ನೀವೇ ಬಾಯಾರೆ ಆಯುಧವೆಂದು ಒಪ್ಪಿಕೊಂಡಂತಾಗುತ್ತದೆ.

ವಿಮಾನ, ಮೆಟ್ರೋ?

ವಿಮಾನದಲ್ಲಿ ಕೈಚೀಲದಲ್ಲಿ ಬೇಡ, ಚೆಕ್‌ಇನ್ ಸಾಮಾನಿನಲ್ಲಿ ಹಾಕಿ. ಇದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಎಲ್ಲರೂ ಒಂದು ಸಲ ಕಳೆದುಕೊಳ್ಳುತ್ತಾರೆ. ನಾನು ಕಳೆದುಕೊಂಡದ್ದು ಬೆಳಗಿನ ಐದು ಗಂಟೆಯ ವಿಮಾನಕ್ಕೆ ಹೊರಟಾಗ. ಕೀಲಿಗೊಂಚಲನ್ನು ತಟ್ಟೆಗೆ ಹಾಕಿದೆ, ಭದ್ರತಾ ಸಿಬ್ಬಂದಿ ಅದನ್ನು ಎರಡು ಬೆರಳಲ್ಲಿ ಎತ್ತಿ ನನ್ನ ಮುಖ ನೋಡಿದರು. ಸಾಮಾನು ಆಗಲೇ ಪಟ್ಟಿಯ ಮೇಲೆ ಹೋಗಿತ್ತು. ಪಾರದರ್ಶಕ ಡಬ್ಬಿಯಲ್ಲಿ ಬಿದ್ದಿದ್ದ ನಲವತ್ತೋ ಐವತ್ತೋ ಲೈಟರು, ಉಗುರುಕತ್ತರಿಗಳ ನಡುವೆ ನನ್ನದೂ ಸೇರಿತು. ಅಲ್ಲಿ ಇನ್ನೂ ಎರಡು ಕೆಂಪು ಚಾಕುಗಳಿದ್ದವು ಎಂಬುದೊಂದೇ ಸಮಾಧಾನ. ಈಗ ಟಿಕೆಟ್ಟಿನ ಜೊತೆ ಮೊಬೈಲಿನಲ್ಲಿ ಒಂದು ಅಲಾರಂ ಇಡುತ್ತೇನೆ: ‘ಚಾಕು ತೆಗೆ’.

ಲೆದರ್‌ಮನ್ನಿನ ಸ್ಟೈಲ್ ಪಿಎಸ್ ಎಂಬುದರಲ್ಲಿ ಅಲಗೇ ಇಲ್ಲ, ಇಕ್ಕಳ ಮತ್ತು ಕತ್ತರಿ ಇವೆ. ಅಮೆರಿಕದ ವಿಮಾನ ನಿಯಮಗಳನ್ನು ನೋಡಿಕೊಂಡು ಮಾಡಿದ್ದು. ನಮ್ಮಲ್ಲಿ ಕೈಚೀಲದ ಕತ್ತರಿಗೂ ತಕರಾರು ಇರುವುದರಿಂದ ಅದನ್ನು ನಂಬಿ ಹೋಗಬೇಡಿ. ಮೆಟ್ರೋದಲ್ಲಿ ಚೀಲ ಸ್ಕ್ಯಾನರಿಗೆ ಹೋಗುತ್ತದೆ. ಕೀಲಿಗೊಂಚಲಿನ ಸಣ್ಣದನ್ನು ಬಿಟ್ಟದ್ದೂ ಉಂಟು, ದೊಡ್ಡದನ್ನು ತಡೆದದ್ದೂ ಉಂಟು. ಅಲ್ಲಿ ವಾದಕ್ಕಿಳಿದರೆ ಹೋಗುವುದು ನಿಮ್ಮ ರೈಲು.

ವಿದೇಶದಲ್ಲಿದ್ದೇನೆ. ಅಲ್ಲಿ?

ಬ್ರಿಟನ್ನಿನಲ್ಲಿ 3 ಇಂಚಿನೊಳಗಿನ, ಮಡಿಸುವ, ಲಾಕ್ ಇಲ್ಲದ ಚಾಕುವನ್ನು ಕಾರಣ ಹೇಳದೆಯೂ ಇಟ್ಟುಕೊಳ್ಳಬಹುದು. ಲಾಕ್ ಇದ್ದರೆ ಎಷ್ಟೇ ಚಿಕ್ಕದಿದ್ದರೂ ಸಕಾರಣ ಬೇಕು. ಜರ್ಮನಿಯಲ್ಲಿ ಒಂದೇ ಕೈಯಿಂದ ತೆರೆದು ಲಾಕ್ ಆಗುವಂಥದನ್ನು ಸಕಾರಣವಿಲ್ಲದೆ ಹೊತ್ತು ತಿರುಗುವಂತಿಲ್ಲ. ಜಪಾನಿನಲ್ಲಿ 6 ಸೆಂಟಿಮೀಟರ್ ಮೀರಿದರೆ ಕಾನೂನು ಬಿಗಿ, ಅದಕ್ಕಿಂತ ಚಿಕ್ಕದನ್ನೂ ಸುಮ್ಮನೆ ಜೇಬಿನಲ್ಲಿಟ್ಟು ಓಡಾಡದಿರುವುದೇ ಕ್ಷೇಮ.

ನಕಲಿಯನ್ನು ಗುರುತಿಸುವುದು ಹೇಗೆ?

ಮೂರು ಪರೀಕ್ಷೆ. ದೊಡ್ಡ ಅಲಗಿನ ಬುಡ ನೋಡಿ: ಕಂಪನಿಯ ಹೆಸರು, ಸ್ವಿಸ್ ಮೇಡ್ ಎಂಬ ಮಾತು ಸ್ಪಷ್ಟವಾಗಿ ಒತ್ತಿರಬೇಕು. ಹಿಡಿಯ ಮೇಲಿನ ಶಿಲುಬೆಯನ್ನು ಯಾರು ಬೇಕಾದರೂ ಅಚ್ಚುಹಾಕುತ್ತಾರೆ, ಅದನ್ನು ನಂಬಬೇಡಿ. ಎರಡನೆಯದು, ಮಡಿಸಿದ ಚಾಕುವನ್ನು ಬೆಳಕಿಗೆ ಹಿಡಿದು ಬೆನ್ನಿನ ಕಡೆ ಪದರಗಳ ನಡುವೆ ನೋಡಿ. ಬೆಳಕು ನುಗ್ಗಿ ಬಂದರೆ ವಾಪಸು ಕೊಡಿ. ಮೂರನೆಯದು ಕಿವಿಯ ಪರೀಕ್ಷೆ: ಅಲಗು ಮುಚ್ಚುವಾಗ ಕೊನೆಗೆ ‘ಟಕ್’ ಎಂದು ಬಿಗಿಯಾಗಿ ಕೂರಬೇಕು. ನಕಲಿಯದು ತೊಪ್ಪೆಂದು ಬೀಳುತ್ತದೆ, ಇಲ್ಲವೇ ಉಗುರು ಕಿತ್ತುಬರುವಷ್ಟು ಬಿಗಿ.

ಉಕ್ಕು ಎಂಥದು? ಬೇಗ ಮೊಂಡಾಗುತ್ತದೆ ಎನ್ನುತ್ತಾರೆ.

ಆಗುತ್ತದೆ. ವಿಕ್ಟೋರಿನಾಕ್ಸ್ ಅಲಗಿನ ಗಡಸುತನ ರಾಕ್‌ವೆಲ್ ಮಾಪಕದಲ್ಲಿ 56ರಷ್ಟು. ದುಬಾರಿ ಚಾಕುಗಳು 60 ದಾಟುತ್ತವೆ, ಹರಿತವೂ ಹೆಚ್ಚು ದಿನ ನಿಲ್ಲುತ್ತದೆ, ಆದರೆ ಮೊಂಡಾದ ಮೇಲೆ ಸಾಣೆ ಹಿಡಿಯುವುದು ತ್ರಾಸ. ಇದು ಮೆತ್ತಗಿರುವುದರಿಂದ ಐದು ನಿಮಿಷದಲ್ಲಿ ಸರಿಹೋಗುತ್ತದೆ, ತುಕ್ಕನ್ನೂ ಚೆನ್ನಾಗಿ ತಡೆಯುತ್ತದೆ. ಕರಾವಳಿಯ ಗಾಳಿಗೆ, ಮಲೆನಾಡಿನ ಮಳೆಗೆ ಇದೇ ವಾಸಿ.

ಸಾಣೆಕಲ್ಲು ಇಲ್ಲದಿದ್ದರೆ ಪಿಂಗಾಣಿ ಲೋಟವನ್ನು ಬೋರಲು ಹಾಕಿ. ತಳದಲ್ಲಿ ಹೊಳಪಿಲ್ಲದ ಒರಟು ಬಳೆಯಿರುತ್ತದೆ. ಅಲಗನ್ನು 15ರಿಂದ 20 ಡಿಗ್ರಿ ಓರೆ ಹಿಡಿದು, ಹರಿತದ ಕಡೆಯನ್ನು ಮುಂದೆ ಮಾಡಿ, ಬುಡದಿಂದ ತುದಿಯವರೆಗೆ ಹಗುರಾಗಿ ಎಳೆಯಿರಿ. ಎಡಕ್ಕೊಂದು, ಬಲಕ್ಕೊಂದು, ಹತ್ತು ಸಲ. ಲೋಟದ ಮೇಲೆ ಬೂದು ಗೆರೆ ಬಿದ್ದರೆ ಕೆಲಸ ನಡೆಯುತ್ತಿದೆ ಎಂದರ್ಥ. ಪತ್ರಿಕೆಯ ಹಾಳೆಯನ್ನು ಗಾಳಿಯಲ್ಲಿ ಹಿಡಿದು ಕೊಯ್ದು ನೋಡಿ. ಬೀದಿಯಲ್ಲಿ ಬರುವ ಸಾಣೆಯವರ ಚಕ್ರಕ್ಕೆ ಕೊಡಬೇಡಿ. ಮಚ್ಚು, ಈಳಿಗೆಗೆ ಅದು ಸರಿ, ಈ ತೆಳು ಅಲಗನ್ನು ಅದು ತಿಂದುಹಾಕುತ್ತದೆ.

ತೊಳೆಯಬಹುದೇ? ಯಾವ ಎಣ್ಣೆ ಹಾಕಬೇಕು?

ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ಅಲಗುಗಳನ್ನು ನಾಲ್ಕಾರು ಸಲ ತೆರೆದು ಮುಚ್ಚಿ, ಒರೆಸಿ, ಪೂರ್ತಿ ಒಣಗಿಸಿ. ಹುಣಸೆ, ನಿಂಬೆ, ಹಸಿ ಮಾವು ಕೊಯ್ದರೆ ಅಂದೇ ತೊಳೆಯಿರಿ.

ಎಣ್ಣೆಯ ವಿಷಯದಲ್ಲಿ ನಮ್ಮವರು ಎಡವುವುದು ಕೊಬ್ಬರಿ ಎಣ್ಣೆಯಲ್ಲಿ. ಹಲಸಿನ ಮೇಣ ಅಂಟದಂತೆ ಅಲಗಿಗೆ ಸವರಲು ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಕೀಲಿನ ಸಂದಿಗೆ ಬಿಟ್ಟರೆ ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ, ಹಳತಾದರೆ ಜಿಗುಟಾಗಿ ಧೂಳು ಹಿಡಿಯುತ್ತದೆ. ಔಷಧಿ ಅಂಗಡಿಯಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್ ಒಂದೊಂದು ಹನಿ ಸಾಕು, ಅದಕ್ಕೆ ವಾಸನೆಯಿಲ್ಲ, ಹಣ್ಣಿಗೆ ತಾಗಿದರೂ ಭಯವಿಲ್ಲ. ಆಯುಧಪೂಜೆಗೆ ಇಟ್ಟವರು ಮರುದಿನ ಅರಿಸಿನ ಕುಂಕುಮವನ್ನು ಸಂದಿಯಿಂದಲೂ ಒರೆಸಿ ತೆಗೆಯಿರಿ.

ಇದರಿಂದ ಮಾಡಬಾರದ ಕೆಲಸ?

ಅಲಗಿನಿಂದ ಮೀಟುವುದು. ಬಣ್ಣದ ಡಬ್ಬಿಯ ಮುಚ್ಚಳ ಎಬ್ಬಿಸಲು ಹೋಗಿ ನನ್ನ ಮೊದಲ ಚಾಕುವಿನ ತುದಿ ಮುರಿದದ್ದು ಹಾಗೆ. ಕಂಪನಿಯ ಜೀವಾವಧಿ ಖಾತರಿ ವಸ್ತುವಿನ ಮತ್ತು ತಯಾರಿಕೆಯ ದೋಷಕ್ಕೆ, ಬಳಸುವವನ ಅವಸರಕ್ಕಲ್ಲ. ಮೀಟಬೇಕಿದ್ದರೆ ಬಾಟಲಿ ಓಪನರಿನ ಚಪ್ಪಟೆ ತುದಿಯಿದೆ.

ಕರೆಂಟು ಹರಿಯುವ ಯಾವುದನ್ನೂ ಮುಟ್ಟಬೇಡಿ. ಹಿಡಿ ಪ್ಲಾಸ್ಟಿಕ್ಕಿನದಾದರೂ ಒಳಗಿರುವುದೆಲ್ಲ ಲೋಹ, 230 ವೋಲ್ಟಿನ ಮುಂದೆ ಅದು ರಕ್ಷಣೆಯಲ್ಲ. ಎಳನೀರು ಕೆತ್ತುವ ಸಾಹಸವೂ ಬೇಡ, ಅದು ಮಚ್ಚಿನ ಕೆಲಸ. ಸುಲಿದ ಬಲಿತ ಕಾಯಿಯ ಮೆತ್ತನೆಯ ಕಣ್ಣನ್ನು ದಬ್ಬಳದಂಥ ಮೊನೆಯಿಂದ ಚುಚ್ಚಿ ನೀರು ಬಸಿಯಬಹುದು. ಮನೆಯ ಮಕ್ಕಳಿಗೆ ಅದೊಂದು ವಿಸ್ಮಯ.

ಸ್ವಿಸ್ ಆರ್ಮಿ ಚಾಕು ಎನ್ನುತ್ತಾರಲ್ಲ, ಸ್ವಿಸ್ ಸೈನ್ಯಕ್ಕೂ ಇದಕ್ಕೂ ನಿಜವಾದ ನಂಟಿದೆಯೇ?

ಇದೆ. ವಿಕ್ಟೋರಿನಾಕ್ಸ್ ಕಟ್ಟಿದ ಕಾರ್ಲ್ ಎಲ್ಸೆನರ್ 1884ರಲ್ಲಿ ಸ್ವಿಟ್ಜರ್ಲೆಂಡಿನ ಇಬಾಖ್ ಊರಿನಲ್ಲಿ ಕಾರ್ಯಾಗಾರ ತೆರೆದರು. ಸ್ವಿಸ್ ಸೈನಿಕರ ಮೊದಲ ಚಾಕುಗಳನ್ನು ಮಾಡಿಕೊಟ್ಟದ್ದು ಜರ್ಮನಿಯ ಝೋಲಿಂಗೆನ್ನಿನವರು. 1891ರಲ್ಲಿ ಎಲ್ಸೆನರ್ ಆ ಕೆಲಸವನ್ನು ಊರಿಗೆ ತಂದರು. ರೈಫಲ್ ಬಿಚ್ಚಲು ಸ್ಕ್ರೂಡ್ರೈವರ್, ಡಬ್ಬಿ ತೆರೆಯಲು ಓಪನರ್, ಇದೇ ಅದರ ಹುಟ್ಟಿನ ಗುಟ್ಟು. ಕಾರ್ಕ್‌ಸ್ಕ್ರೂ ಬಂದದ್ದು 1897ರ ಅಧಿಕಾರಿಗಳ ಚಾಕುವಿನಲ್ಲಿ, ಸಿಪಾಯಿಗೆ ಆ ಭಾಗ್ಯವಿರಲಿಲ್ಲ. ಕಂಪನಿಗೆ ಇಟ್ಟ ವಿಕ್ಟೋರಿಯಾ ಎಂಬುದು ಎಲ್ಸೆನರರ ತಾಯಿಯ ಹೆಸರು. 1921ರಲ್ಲಿ ತುಕ್ಕುರಹಿತ ಉಕ್ಕು ಬಂದಾಗ ‘ಇನಾಕ್ಸ್’ ಎಂಬ ಬಾಲ ಅದಕ್ಕೆ ಸೇರಿತು.

ಉಡುಗೊರೆಯಾಗಿ ಕೊಡಬಹುದೇ? ಚಾಕುವನ್ನು ಕೈಗೆ ಕೈ ಕೊಡಬಾರದು ಎನ್ನುತ್ತಾರಲ್ಲ.

ಮಲೆನಾಡಿನ ನಮ್ಮ ಮನೆಯಲ್ಲೂ ಚಾಕು, ಕತ್ತರಿಯನ್ನು ನೆಲಕ್ಕಿಟ್ಟು, ಇನ್ನೊಬ್ಬರು ಎತ್ತಿಕೊಳ್ಳುವುದೇ ಪದ್ಧತಿ. ಜಗಳವಾಗುತ್ತದೆ ಎಂಬ ಕಾರಣ ಹೇಳುತ್ತಿದ್ದರು. ತೆರೆದ ಅಲಗನ್ನು ಹಾಗೆ ಕೊಡುವುದು ಹೇಗೂ ಕ್ಷೇಮವೇ. ಡಬ್ಬಿಯ ಸಮೇತ ಮೇಜಿನ ಮೇಲಿಡಿ.

ಅಪ್ಪನ ಎಲೆಅಡಿಕೆ ಸಂಚಿಯಲ್ಲಿ ಒಂದು ಅಡಕತ್ತರಿ ಇರುತ್ತಿತ್ತು. ಅಡಿಕೆ ಹೋಳು ಮಾಡುವುದು ಅದರ ಕೆಲಸವೆಂದು ಹೆಸರಿಗಷ್ಟೇ. ದಾರ, ತಂತಿ, ಬೀಡಿ ಕಟ್ಟು, ಟಾರ್ಚಿನ ಮುಚ್ಚಳ ಎಲ್ಲಕ್ಕೂ ಅದೇ ಹೊರಬರುತ್ತಿತ್ತು. ಅರವತ್ತು ತುಂಬಿದಾಗ ಅವರಿಗೊಂದು ಸ್ಪಾರ್ಟನ್ ತಂದುಕೊಟ್ಟೆ. ಒಂದೊಂದನ್ನೇ ಬಿಡಿಸಿ ನೋಡಿದರು, ಕಾರ್ಕ್‌ಸ್ಕ್ರೂ ಏನೆಂದು ಕೇಳಿದರು. ಸಂಜೆ ಅದೇ ಸಂಚಿಯಲ್ಲಿ ಅಡಕತ್ತರಿಯ ಪಕ್ಕ ಇಟ್ಟುಕೊಂಡರು. ಅಡಿಕೆಗೆ ಮಾತ್ರ ಇದು ಆಗುವುದಿಲ್ಲ ಎಂದರು.